ಪ್ಲಾನ್ ಮೂರು ಪಟ್ಟು ಮಾಡಿದರೂ ವೈಫೈ ಯಾಕೆ ತೆವಳುತ್ತದೆ?

ಪ್ರಶ್ನೆ: ನಾವು ಐದು ಜನ ಸೇರಿ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಮೂರು ರೂಮು, ಮಧ್ಯೆ ಒಂದು ಹಾಲ್. ರೂಟರ್ ಮುಂಬಾಗಿಲ ಹತ್ತಿರ, ಟಿವಿ ಹಿಂದೆ ಇದೆ. ರಾತ್ರಿ ಎಂಟಾದರೆ ಸಾಕು, ವಿಡಿಯೊ ಕಾಲ್ ತುಂಡು ತುಂಡಾಗುತ್ತದೆ, ಗೇಮ್ ಆಡುವವನು ಕೂಗಾಡುತ್ತಾನೆ, ಕೊನೆಯ ರೂಮಿನಲ್ಲಂತೂ ಒಂದು ಪೇಜ್ ತೆರೆಯಬೇಕಾದರೂ ಕಾಯಬೇಕು. 100 ಎಂಬಿಪಿಎಸ್ ಇದ್ದ ಪ್ಲಾನನ್ನು 300ಕ್ಕೆ ಏರಿಸಿದೆವು, ಏನೂ ಬದಲಾಗಲಿಲ್ಲ. ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮತ್ತೆ ಹರಡುವ ಡಬ್ಬಿ) ತಂದು ಕೊನೆಯ ರೂಮಿನಲ್ಲಿ ಹಾಕಿದೆವು. ಸಿಗ್ನಲ್ ಕಡ್ಡಿ ಪೂರ್ತಿ ಬಂತು, ಸ್ಪೀಡ್ ಬರಲಿಲ್ಲ. ಈಗ ‘ನೀನು ಸಿನಿಮಾ ನೋಡುತ್ತೀಯ, ಅದಕ್ಕೇ ಹೀಗೆ’ ಅಂತ ದಿನಾ ಜಗಳ. ಹೊಸ ರೂಟರ್ ತೆಗೆದುಕೊಳ್ಳಬೇಕಾ, ಇಲ್ಲ ಮೆಶ್ (ಎರಡು ಮೂರು ಡಬ್ಬಿ ಸೇರಿ ಮನೆಗೆಲ್ಲ ಒಂದೇ ವೈಫೈ ಕೊಡುವ ವ್ಯವಸ್ಥೆ) ಹಾಕಿಸಬೇಕಾ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಒಂದು ಸಂಜೆ ನನಗೆ ಕೊಡಿ, ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕೋಣ.

ನೀವು ಇಲ್ಲಿಯವರೆಗೆ ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿದೆ. ತಪ್ಪು ನಿಮ್ಮದಲ್ಲ. ಇಂಟರ್ನೆಟ್ ನಿಧಾನ ಅಂದ ತಕ್ಷಣ ಎಲ್ಲರೂ ಪ್ಲಾನ್ ಏರಿಸಿ ಅಂತಲೇ ಹೇಳುತ್ತಾರೆ. ಆದರೆ ನಿಮ್ಮ ಫೋನಿನಿಂದ ಹೊರಟ ಮಾತು ಹೊರಗಿನ ಲೋಕಕ್ಕೆ ತಲುಪುವುದಕ್ಕೆ ಮೂರು ಜಾಗ ದಾಟಬೇಕು. ಒಂದು, ಫೋನಿನಿಂದ ರೂಟರ್‌ವರೆಗಿನ ಗಾಳಿ. ಎರಡು, ರೂಟರ್ ಹೊಸಿಲು, ಅಂದರೆ ಎಲ್ಲರ ಡೇಟಾ ಹೊರಗೆ ಹೋಗಲು ಸಾಲು ನಿಲ್ಲುವ ಜಾಗ. ಮೂರು, ಅಲ್ಲಿಂದ ಆಚೆಯ ಲೈನು. ಪ್ಲಾನ್ ಏರಿಸಿದರೆ ಮುಖ್ಯವಾಗಿ ಮೂರನೆಯದಕ್ಕೆ ಲಾಭ. ನೀವು ಬರೆದಿರುವ ಲಕ್ಷಣ ನೋಡಿದರೆ ನಿಮ್ಮ ಮನೆಯ ತೊಂದರೆ ಮೊದಲ ಎರಡರಲ್ಲಿದೆ, ಅದೂ ಎರಡರಲ್ಲೂ ಒಟ್ಟಿಗೆ ಇದೆ ಅಂತ ನನಗೆ ಅನಿಸುತ್ತದೆ. ಅನಿಸಿಕೆ ಮೇಲೆ ದುಡ್ಡು ಹಾಕುವುದು ಬೇಡ, ಅಳೆದೇ ನೋಡೋಣ.

ರಾತ್ರಿ ಎಂಟರ ನಂತರ, ತೊಂದರೆ ಶುರುವಾದಾಗಲೇ, ಲ್ಯಾಪ್‌ಟಾಪ್ ತೆಗೆದುಕೊಂಡು ಕೊನೆಯ ರೂಮಿಗೆ ಹೋಗಿ. ಕಮಾಂಡ್ ವಿಂಡೊ ಎರಡು ತೆರೆಯಿರಿ. ಒಂದರಲ್ಲಿ ರೂಟರ್‌ಗೆ ಪಿಂಗ್ ಕೊಡಿ, ಸಾಮಾನ್ಯವಾಗಿ ಅದರ ವಿಳಾಸ 192.168.1.1 ಅಥವಾ 192.168.0.1 ಇರುತ್ತದೆ, ರೂಟರ್ ಅಡಿಯ ಸ್ಟಿಕ್ಕರ್ ಮೇಲೂ ಬರೆದಿರುತ್ತದೆ. ಇನ್ನೊಂದರಲ್ಲಿ ಹೊರಗಿನ ಯಾವುದಾದರೂ ಸರ್ವರ್‌ಗೆ, ಉದಾಹರಣೆಗೆ 1.1.1.1ಕ್ಕೆ ಕೊಡಿ. ಎರಡನ್ನೂ ಹತ್ತು ನಿಮಿಷ ಓಡಲು ಬಿಡಿ. ವಿಂಡೋಸ್‌ನಲ್ಲಿ ನಾಲ್ಕೇ ಸಲ ಕಳಿಸಿ ನಿಂತುಬಿಡುತ್ತದೆ, ಹಾಗಾಗಿ ಕೊನೆಯಲ್ಲಿ ಒಂದು ಅಡ್ಡಗೆರೆ ಮತ್ತು ‘ಟಿ’ ಅಕ್ಷರ ಸೇರಿಸಬೇಕು. ಪಿಂಗ್ ಅಂದರೆ ಇಷ್ಟೇ: ‘ಇದ್ದೀಯಾ?’ ಅಂತ ಕೂಗುವುದು, ‘ಇದ್ದೀನಿ’ ಅಂತ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಬರೆದುಕೊಳ್ಳುವುದು.

ಈಗ ಎರಡೂ ಕಿಟಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಳ್ಳೆಯ ವೈಫೈನಲ್ಲಿ ರೂಟರ್ ಉತ್ತರ 2, 3, 5 ಮಿಲಿಸೆಕೆಂಡ್ ಹೀಗೆ ಬರುತ್ತಿರುತ್ತದೆ, ಆಗೊಮ್ಮೆ ಈಗೊಮ್ಮೆ 15, 20. ಅದು 4, 180, 7, 340, ಆಮೇಲೆ ಉತ್ತರವೇ ಇಲ್ಲ, ಹೀಗೆ ಕುಣಿಯುತ್ತಿದ್ದರೆ ತೊಂದರೆ ಮನೆಯೊಳಗಿನ ಗಾಳಿಯಲ್ಲೇ ಇದೆ. ಕಂಪನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ರೂಟರ್ ಉತ್ತರ 3, 4 ಅಂತ ಗಟ್ಟಿಯಾಗಿ ನಿಂತಿದ್ದು, ಹೊರಗಿನದು ಮಾತ್ರ 20ರಿಂದ 400ಕ್ಕೆ ಏರಿದರೆ, ಅದೂ ಮನೆಯಲ್ಲಿ ಯಾರಾದರೂ ಏನಾದರೂ ಕಳಿಸುತ್ತಿರುವಾಗಲೇ ಏರಿದರೆ, ಅದು ಹೊಸಿಲಿನ ಸಾಲು. ಎಲ್ಲರ ವೈಫೈ ಆಫ್ ಮಾಡಿ, ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿ ನೋಡಿದರೂ ಹೊರಗಿನ ಪಿಂಗ್ ಕೆಟ್ಟಿದ್ದರೆ ಆಗ ಮಾತ್ರ ಲೈನಿನ ತೊಂದರೆ. ಆಗ ದೂರು ಕೊಡಿ, ಸ್ಕ್ರೀನ್‌ಶಾಟ್ ಜೊತೆಗೆ ಕೊಡಿ. ‘ನೆಟ್ ಸ್ಲೋ’ ಅನ್ನುವ ದೂರಿಗೂ ‘ಕೇಬಲ್‌ನಲ್ಲಿ ರಾತ್ರಿ 9ಕ್ಕೆ ನೂರಕ್ಕೆ 8 ಪಿಂಗ್ ಕಳೆದುಹೋಗುತ್ತಿದೆ’ ಅನ್ನುವ ದೂರಿಗೂ ಬಹಳ ವ್ಯತ್ಯಾಸ ಇದೆ.

ಕೇಬಲ್ ಹಾಕಿದ್ದೀರಲ್ಲ, ಹಾಗೇ ಒಂದು ಸ್ಪೀಡ್ ಟೆಸ್ಟ್ ಮಾಡಿಬಿಡಿ. ಇದು ನಿಮ್ಮ ಮನೆಗೆ ತುಂಬಾ ಮುಖ್ಯ. ಫಲಿತಾಂಶ 94, 95 ಎಂಬಿಪಿಎಸ್ ಹತ್ತಿರ ಬಂದು ನಿಂತರೆ ಅಲ್ಲೇ ಗುಟ್ಟು ಬಯಲಾಯಿತು. ಅದು 100 ಎಂಬಿಪಿಎಸ್ ಪೋರ್ಟಿನ (ಕೇಬಲ್ ಸಿಕ್ಕಿಸುವ ಕಿಂಡಿಯ) ಗುರುತು. ಡೇಟಾ ಹೋಗುವುದು ಪ್ಯಾಕೆಟ್ ಅನ್ನುವ ಸಣ್ಣ ಸಣ್ಣ ಪೊಟ್ಟಣಗಳಲ್ಲಿ. ನೂರರಲ್ಲಿ ಐದಾರು, ಆ ಪ್ಯಾಕೆಟ್‌ಗಳ ಮೇಲಿನ ವಿಳಾಸ ವಗೈರೆಗೇ ಹೋಗುತ್ತದೆ, ಉಳಿದದ್ದು ಕೈಗೆ ಸಿಗುತ್ತದೆ. ಹಳೆಯ ಮತ್ತು ಅಗ್ಗದ ರೂಟರ್ ಎಷ್ಟೋ ಇವೆ, ಅವುಗಳ ಡಬ್ಬಿಯ ಮೇಲೆ ದೊಡ್ಡ ಸಂಖ್ಯೆ ಇರುತ್ತದೆ, ಹಿಂದಿನ ಪೋರ್ಟ್ ಮಾತ್ರ 100ರದ್ದು. ಪೋರ್ಟ್ ಗಿಗಾಬಿಟ್‌ದೇ (1000 ಎಂಬಿಪಿಎಸ್) ಆಗಿದ್ದರೂ ಕೇಬಲ್ ಕೆಟ್ಟಿರಬಹುದು. ಕೇಬಲ್ ಒಳಗೆ ಎಂಟು ತಂತಿ ಇರುತ್ತವೆ, 100ಕ್ಕೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ಆ ನಾಲ್ಕರಲ್ಲಿ ಒಂದು ತಂತಿ ಬಾಗಿಲ ಸಂದಿಯಲ್ಲಿ ಸಿಕ್ಕಿ ಮುರಿದಿದ್ದರೆ ಸಾಕು, ಯಂತ್ರ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ, ಯಾರಿಗೂ ಹೇಳುವುದಿಲ್ಲ. ನೀವು 300ಕ್ಕೆ ದುಡ್ಡು ಕಟ್ಟುತ್ತಿದ್ದರೂ ಮನೆಯೊಳಗೆ ಬರುತ್ತಿರುವುದು ಹಳೆಯ 100 ಆಗಿರಬಹುದು. ಬೇರೆ ಕೇಬಲ್ ಹಾಕಿ ನೋಡಿ. ಆಗಲೂ 94ರಲ್ಲೇ ನಿಂತರೆ ರೂಟರ್ ಪೋರ್ಟ್ ನೋಡಿ, ಲ್ಯಾಪ್‌ಟಾಪ್ ಪೋರ್ಟ್ ಕೂಡ ನೋಡಿ.

ಇನ್ನು ಗಾಳಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹಂಚಿಕೊಂಡ ಮನೆಯ ಜಗಳವೆಲ್ಲ ಇಲ್ಲೇ ಹುಟ್ಟುವುದು.

ವೈಫೈ ಅನ್ನು ನಾವು ನೀರಿನ ಪೈಪಿನ ಹಾಗೆ ಅಂದುಕೊಳ್ಳುತ್ತೇವೆ. 300 ಬಂತು, ಐದು ಜನ, ತಲಾ 60. ಅದು ಹಾಗಲ್ಲ. ಅದು ಒಂದೇ ಮೈಕ್ ಇರುವ ಸಭೆ. ಒಂದು ಚಾನೆಲ್‌ನಲ್ಲಿ (ರೇಡಿಯೊ ಸ್ಟೇಷನ್‌ಗಳಿಗೆ ಇರುವ ಹಾಗೆ ವೈಫೈಗೂ ಇರುವ ತರಂಗದ ಜಾಗ) ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕೇಳಿಸಿಕೊಂಡು ಕಾಯಬೇಕು. ರೂಟರ್ ಕೂಡ ಈ ನಿಯಮಕ್ಕೆ ಬದ್ಧ. (ವೈಫೈ 6 ಬಂದ ಮೇಲೆ ಒಂದೇ ಸರದಿಯನ್ನು ಕೆಲವರ ನಡುವೆ ಹಂಚುವ ಉಪಾಯ ಬಂದಿದೆ, ಆದರೆ ರೂಟರ್ ಮತ್ತು ಫೋನ್ ಎರಡೂ ಹೊಸದಾಗಿದ್ದರೆ ಮಾತ್ರ ಅದರ ಉಪಯೋಗ.) ಹಾಗಾದರೆ ಇಲ್ಲಿ ಹಂಚಿಕೆಯಾಗುವುದು ಸ್ಪೀಡ್ ಅಲ್ಲ, ಸಮಯ.

ಒಂದು ಸಣ್ಣ ಲೆಕ್ಕ ಮಾಡಿ. ಒಂದು ಮಾಮೂಲಿ ಪ್ಯಾಕೆಟ್‌ನಲ್ಲಿ 1500 ಬೈಟ್ ಇರುತ್ತದೆ, ಅಂದರೆ 12,000 ಬಿಟ್. ಹಾಲ್‌ನಲ್ಲಿ ರೂಟರ್ ಎದುರು ಕೂತವರ ಲ್ಯಾಪ್‌ಟಾಪ್ 600 ಎಂಬಿಪಿಎಸ್ ವೇಗದಲ್ಲಿ ಮಾತಾಡಿದರೆ ಆ ಪ್ಯಾಕೆಟ್ ದಾಟಲು 0.02 ಮಿಲಿಸೆಕೆಂಡ್ ಸಾಕು. ಕೊನೆಯ ರೂಮಿನ ಫೋನ್‌ಗೆ ಸಿಗ್ನಲ್ ಸಾಲದೆ 6 ಎಂಬಿಪಿಎಸ್‌ಗೆ ಇಳಿದಿದ್ದರೆ ಅದೇ ಪ್ಯಾಕೆಟ್‌ಗೆ 2 ಮಿಲಿಸೆಕೆಂಡ್ ಬೇಕು. ನೂರು ಪಟ್ಟು! ಅಷ್ಟು ಹೊತ್ತು ಮೈಕ್ ಅವರ ಕೈಯಲ್ಲೇ, ಉಳಿದ ನಾಲ್ವರೂ ಬಾಯಿ ಮುಚ್ಚಿಕೊಂಡು ಕಾಯುತ್ತಿರಬೇಕು. ಹಾಗಾಗಿ ಮನೆಯನ್ನೆಲ್ಲ ನಿಧಾನ ಮಾಡುತ್ತಿರುವುದು ಹಾಲ್‌ನಲ್ಲಿ ಕೂತು ಸಿನಿಮಾ ನೋಡುವವರಲ್ಲ. 4ಕೆ ಸಿನಿಮಾಗೆ ಸುಮಾರು 15ರಿಂದ 25 ಎಂಬಿಪಿಎಸ್ ಸಾಕು, ಹತ್ತಿರ ಕೂತವರು ಅದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಎಳೆದುಕೊಂಡು ಮೈಕ್ ಬಿಟ್ಟುಕೊಡುತ್ತಾರೆ. ದೂರದ ರೂಮಿನಲ್ಲಿ ಸಿಗ್ನಲ್ ಇಲ್ಲದೆ ಒದ್ದಾಡುತ್ತಿರುವ ಆ ಒಂದು ಫೋನ್ ಎಲ್ಲರ ಸಮಯ ತಿನ್ನುತ್ತಿದೆ. ಪಾಪ, ಅದರ ಮಾಲೀಕರೇ ಎಲ್ಲರಿಗಿಂತ ಹೆಚ್ಚು ಕಷ್ಟ ಪಡುತ್ತಿರುತ್ತಾರೆ. ದಯವಿಟ್ಟು ಇವತ್ತೇ ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಕೊನೆಯ ರೂಮಿಗೆ ಒಳ್ಳೆಯ ಸಿಗ್ನಲ್ ಕೊಟ್ಟರೆ ಅವರೊಬ್ಬರಿಗಲ್ಲ, ಐದೂ ಜನರಿಗೆ ಲಾಭ.

ಈಗ ರೂಟರ್ ಜಾಗ. ಟಿವಿ ಹಿಂದೆ ಅಂದಿರಿ. ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಟಿವಿ ಬೆನ್ನಿನ ಲೋಹದ ತಗಡು ಒಂದು ಕಡೆಯ ಸಿಗ್ನಲ್ ಬಹುಮಟ್ಟಿಗೆ ತಡೆಯುತ್ತದೆ. ಇನ್ನೊಂದು ಕಡೆ ಮುಂಬಾಗಿಲು, ಅಂದರೆ ಅರ್ಧ ಸಿಗ್ನಲ್ ಬೀದಿಗೆ ಹೋಗುತ್ತಿದೆ. ಲೋಹದ ಕಪಾಟು, ದೊಡ್ಡ ಕನ್ನಡಿ (ಅದರ ಹಿಂದೆ ಲೋಹದ ಲೇಪ ಇರುತ್ತದೆ), ನೀರು ತುಂಬಿದ ಮೀನಿನ ತೊಟ್ಟಿ, ಕಬ್ಬಿಣ ಹಾಕಿದ ಕಾಂಕ್ರೀಟ್, ಇವು ನಾಲ್ಕೂ ವೈಫೈಗೆ ಶತ್ರುಗಳೇ. ಇಟ್ಟಿಗೆ ಗೋಡೆ ಪರವಾಗಿಲ್ಲ, ಮರದ ಬಾಗಿಲು ಇನ್ನೂ ವಾಸಿ.

ರೂಟರನ್ನು ಎತ್ತಿ ಮನೆಯ ಮಧ್ಯಕ್ಕೆ ತನ್ನಿ, ಎದೆಯೆತ್ತರಕ್ಕಿಂತ ಮೇಲೆ, ಬಯಲಲ್ಲಿ ಇಡಿ. ಬಾಡಿಗೆ ಮನೆಯಾದ್ದರಿಂದ ಗೋಡೆ ಕೊರೆಯುವ ಹಾಗಿಲ್ಲ ಅನ್ನುತ್ತೀರೇನೋ, ಬೇಕಾಗಿಲ್ಲ. ಹೊರಗಿನ ಲೈನು ಬರುವ ಡಬ್ಬಿ ಬಾಗಿಲ ಹತ್ತಿರವೇ ಇರಲಿ, ಅಲ್ಲಿಂದ ರೂಟರ್‌ವರೆಗೆ ಚಪ್ಪಟೆ ಕೇಬಲ್ ಗೋಡೆಯ ಬುಡದಲ್ಲೇ ಎಳೆದು ಟೇಪ್ ಹಚ್ಚಿ. ಸಾಮಾನ್ಯ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ವೇಗ ಹೊರುತ್ತದೆ, ನಿಮಗೆ ಬೇಕಾದ್ದು ಹತ್ತೋ ಹದಿನೈದೋ ಮೀಟರ್. ಡಬ್ಬಿ ಮತ್ತು ರೂಟರ್ ಒಂದೇ ಆಗಿದ್ದರೆ ಆ ಡಬ್ಬಿಯ ವೈಫೈ ಆಫ್ ಮಾಡಿ, ಕೇಬಲ್ ತುದಿಗೆ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ (ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವುದಷ್ಟೇ ಅದರ ಕೆಲಸ) ಹಾಕಬೇಕಾಗುತ್ತದೆ. ಉದ್ದ ಕಡ್ಡಿ ಆಂಟೆನಾ ಇದ್ದರೆ ನೆಟ್ಟಗೆ ನಿಲ್ಲಿಸಿ. ಸಿಗ್ನಲ್ ಆ ಕಡ್ಡಿಯ ಸುತ್ತ ಅಡ್ಡಕ್ಕೆ ಹರಡುತ್ತದೆ, ತುದಿಯ ಕಡೆಗೆ ತುಂಬಾ ಕಡಿಮೆ. ತುಂಬಾ ಜನ ಆಂಟೆನಾವನ್ನು ರೂಮಿನ ಕಡೆಗೆ ಬೆರಳು ತೋರಿಸಿದ ಹಾಗೆ ಬಗ್ಗಿಸುತ್ತಾರೆ, ಅದು ಸರಿಯಾಗಿ ಉಲ್ಟಾ ಕೆಲಸ.

ಜಾಗ ಬದಲಿಸಿದ ಮೇಲೆ ಕಡ್ಡಿ ನೋಡಿ ಸಮಾಧಾನ ಪಡಬೇಡಿ. ಸಿಗ್ನಲ್ ಅಳೆಯುವ ಆ್ಯಪ್ ಯಾವುದಾದರೂ ಒಂದು ಹಾಕಿಕೊಂಡು ಡಿಬಿಎಂ ಸಂಖ್ಯೆ (ಸಿಗ್ನಲ್ ಶಕ್ತಿಯ ಅಳತೆ) ನೋಡಿ. ಅದು ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ರೂಟರ್ ಪಕ್ಕದಲ್ಲಿ -35 ಇರುತ್ತದೆ. -60ರೊಳಗೆ ಇದ್ದರೆ ಆರಾಮ. -67 ವಿಡಿಯೊ ಕಾಲ್‌ಗೆ ಕೊನೆಯ ಗಡಿ. -75 ಆದರೆ ಪೇಜ್ ತೆರೆಯುವುದೂ ಕಷ್ಟ. ಮೂರು ಡಿಬಿ ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲು. ಹಾಗಾಗಿ ಟಿವಿ ಹಿಂದಿನಿಂದ ತೆಗೆದು ಪಕ್ಕದ ಕಪಾಟಿನ ಮೇಲೆ ಇಟ್ಟಾಗ ಕೊನೆಯ ರೂಮಿನಲ್ಲಿ -76 ಇದ್ದದ್ದು -68 ಆದರೆ ‘ಬರೀ ಎಂಟು’ ಅಂದುಕೊಳ್ಳಬೇಡಿ, ಶಕ್ತಿ ಆರು ಪಟ್ಟು ಜಾಸ್ತಿ ಆಯಿತು ಅಂತ ಅರ್ಥ. ಹಾಸಿಗೆ ಮೇಲೆ, ಮೇಜಿನ ಹತ್ತಿರ, ಬಾಗಿಲ ಬಳಿ, ಮೂರು ಕಡೆ ನಿಂತು ಅಳೆಯಿರಿ. ಒಂದೇ ರೂಮಿನೊಳಗೇ ಹತ್ತು ಡಿಬಿ ವ್ಯತ್ಯಾಸ ಬರುವುದುಂಟು.

ರೂಟರ್ ಸೆಟ್ಟಿಂಗ್‌ನಲ್ಲಿ ಪವರ್ ಜಾಸ್ತಿ ಮಾಡಿದರೆ ಆಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ರೂಟರ್ ಕೂಗಿದ್ದು ಫೋನಿಗೆ ಕೇಳಿಸಿದರೆ ಸಾಲದು, ಫೋನ್ ಹೇಳಿದ್ದು ರೂಟರ್‌ಗೂ ಕೇಳಿಸಬೇಕು. ಫೋನಿನ ದನಿ ಸಣ್ಣದು.

ವೈಫೈ ಓಡುವ ಎರಡು ಬ್ಯಾಂಡ್‌ಗಳಾದ 2.4 ಮತ್ತು 5 ಗಿಗಾಹರ್ಟ್ಸ್ ಬಗ್ಗೆ ನಿಮಗೆ ಗೊತ್ತಿರಬಹುದು. 2.4 ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ, ಅಲ್ಲಿ ಜನಜಂಗುಳಿ. 5 ಬೇಗ ಓಡುತ್ತದೆ, ಗೋಡೆಗೆ ಸುಸ್ತಾಗುತ್ತದೆ. ಮೈಕ್ರೊವೇವ್ ಓವನ್ ಕೂಡ 2.45 ಗಿಗಾಹರ್ಟ್ಸ್ ಹತ್ತಿರವೇ ಕೆಲಸ ಮಾಡುತ್ತದೆ, ಬ್ಲೂಟೂತ್ ಕೂಡ ಅಲ್ಲೇ. ಅಕ್ಕಪಕ್ಕದ ಮನೆಯವರ ವೈಫೈ ಎಲ್ಲ ಸೇರಿ ರಾತ್ರಿ ಎಂಟಕ್ಕೆ ಆ ಗಾಳಿ ತುಂಬಿಹೋಗುತ್ತದೆ, ಹಗಲಲ್ಲಿ ಸರಿ ಇದ್ದು ರಾತ್ರಿ ಕೆಡುವುದಕ್ಕೆ ಇದೂ ಒಂದು ಕಾರಣ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಪಕ್ಕದವರು 6ರಲ್ಲಿದ್ದಾರೆ ಅಂತ ನೀವು 4ಕ್ಕೆ ಹೋದರೆ ಇಬ್ಬರಿಗೂ ನಷ್ಟ. ಒಂದೇ ಚಾನೆಲ್‌ನಲ್ಲಿದ್ದರೆ ಎರಡು ರೂಟರ್‌ಗಳೂ ಒಬ್ಬರ ಮಾತು ಒಬ್ಬರು ಕೇಳಿ ಸರದಿ ಕಾಯುತ್ತವೆ, ಅರ್ಧಂಬರ್ಧ ಮೇಲೆ ಬಿದ್ದರೆ ಅದು ಬರೀ ಗದ್ದಲ. ಆ್ಯಪ್‌ನಲ್ಲಿ ನೋಡಿ, ಆ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಡಿ.

5ರಲ್ಲಿ ಜಾಗ ಧಾರಾಳ. ಸುತ್ತಮುತ್ತ ತುಂಬಾ ಮನೆಗಳಿದ್ದರೆ ಅಗಲವನ್ನು 80ರಿಂದ 40ಕ್ಕೆ ಇಳಿಸಿ ನೋಡಿ, ಸ್ಪೀಡ್ ಟೆಸ್ಟ್ ಸಂಖ್ಯೆ ಕಡಿಮೆಯಾಗುತ್ತದೆ, ಆದರೆ ಕಾಲ್ ಗಟ್ಟಿಯಾಗಿ ನಿಲ್ಲುತ್ತದೆ. ಆಗಾಗ 5ರ ನೆಟ್‌ವರ್ಕ್ ಪೂರ್ತಿ ಮಾಯವಾಗಿ ಒಂದೆರಡು ನಿಮಿಷದ ಮೇಲೆ ವಾಪಸ್ ಬರುತ್ತಿದ್ದರೆ ಚಾನೆಲ್ ಸಂಖ್ಯೆ ನೋಡಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹವಾಮಾನದ ರೇಡಾರ್ ಮುಂತಾದವೂ ಬಳಸುತ್ತವೆ, ರೇಡಾರ್ ಸದ್ದು ಕೇಳಿದರೆ ರೂಟರ್ ಜಾಗ ಬಿಟ್ಟುಕೊಡಬೇಕು ಅಂತ ನಿಯಮ ಇದೆ. 36, 40, 44, 48ಕ್ಕೆ ಬದಲಿಸಿದರೆ ಆ ಕಾಟ ಇರುವುದಿಲ್ಲ.

ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಟಿಕೆಐಪಿ ಅಂತ ಎಲ್ಲಾದರೂ ಕಂಡರೆ ತೆಗೆದು ಡಬ್ಲ್ಯೂಪಿಎ2 ಎಇಎಸ್ ಅಥವಾ ಡಬ್ಲ್ಯೂಪಿಎ3 ಮಾಡಿ. ಹಳೆಯದು ಸುರಕ್ಷಿತವೂ ಅಲ್ಲ, ಅದರಲ್ಲಿ ವೇಗವೂ 54 ಎಂಬಿಪಿಎಸ್ ದಾಟುವುದಿಲ್ಲ. ಹಿಂದೆ ಮನೆಯಲ್ಲಿದ್ದು ಬಿಟ್ಟುಹೋದವರಿಗೆಲ್ಲ ಪಾಸ್‌ವರ್ಡ್ ಗೊತ್ತಿದ್ದರೆ ಅದನ್ನೂ ಬದಲಿಸಿ.

ಈಗ ನಿಮ್ಮ ರಿಪೀಟರ್. ‘ಕಡ್ಡಿ ಪೂರ್ತಿ ಬಂತು, ಸ್ಪೀಡ್ ಬರಲಿಲ್ಲ’ ಅಂದಿರಿ, ಅದು ಹಾಗೇ ಆಗಬೇಕು. ಆ ಕಡ್ಡಿ ತೋರಿಸುವುದು ಫೋನ್ ಮತ್ತು ರಿಪೀಟರ್ ನಡುವಿನ ಸಂಬಂಧ ಮಾತ್ರ. ರಿಪೀಟರ್ ಕೂತಿರುವುದು ಸಿಗ್ನಲ್ಲೇ ಬರದ ಕೊನೆಯ ರೂಮಿನಲ್ಲಿ. ಅದಕ್ಕೇ ಸರಿಯಾಗಿ ಕೇಳಿಸದೆ ಇರುವುದನ್ನು ಅದು ನಿಮಗೆ ಜೋರಾಗಿ ಹೇಳುತ್ತಿದೆ. ಜೊತೆಗೆ ಒಂದೇ ರೇಡಿಯೊ ಇರುವ ರಿಪೀಟರ್ ಪ್ರತಿ ಮಾತನ್ನೂ ಒಮ್ಮೆ ಕೇಳಿಸಿಕೊಂಡು ಮತ್ತೊಮ್ಮೆ ಹೇಳಬೇಕು, ಅದೂ ಅದೇ ಚಾನೆಲ್‌ನಲ್ಲಿ. ಅಲ್ಲಿಗೆ ವೇಗ ಅರ್ಧಕ್ಕೆ ಬಂತು, ಮೈಕ್ ಬಳಸುವ ಸಮಯ ಎರಡು ಪಟ್ಟಾಯಿತು. ಕನಿಷ್ಠ ಪಕ್ಷ ಅದನ್ನು ಕೊನೆಯ ರೂಮಿನಿಂದ ತೆಗೆದು ರೂಟರ್‌ಗೂ ರೂಮಿಗೂ ಮಧ್ಯದಲ್ಲಿ, ಅದಕ್ಕೆ -60 ಹತ್ತಿರ ಸಿಗ್ನಲ್ ಸಿಗುವ ಕಡೆ ಇಡಿ. ಇನ್ನೂ ಒಳ್ಳೆಯದು ಬೇಕಾದರೆ ಅದರ ಅಡಿಯಲ್ಲಿ ಕೇಬಲ್ ಪೋರ್ಟ್ ಇದೆಯಾ ನೋಡಿ. ಎಷ್ಟೋ ರಿಪೀಟರ್‌ಗಳಲ್ಲಿ ಇರುತ್ತದೆ, ಯಾರೂ ಬಳಸುವುದಿಲ್ಲ. ರೂಟರ್‌ನಿಂದ ಅಲ್ಲಿಗೆ ಒಂದು ಕೇಬಲ್ ಎಳೆದು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಅದೇ ಡಬ್ಬಿ ಬೇರೆಯದೇ ಯಂತ್ರವಾಗುತ್ತದೆ. ಆಗ ಅದು ಕೊನೆಯ ರೂಮಿನಲ್ಲೇ ಇರಬಹುದು, ರೂಟರ್‌ಗಿಂತ ಬೇರೆ ಚಾನೆಲ್‌ನಲ್ಲಿ. ಅಂದರೆ ಮನೆಗೆ ಈಗ ಮೈಕ್ ಎರಡು.

ಮೆಶ್ ಬಗ್ಗೆ ಕೇಳಿದ್ದೀರಲ್ಲ, ಅದಕ್ಕೂ ಇದೇ ಮಾತು. ಕೇಬಲ್‌ನಿಂದ ಜೋಡಿಸಿದ ಮೆಶ್ ಚೆನ್ನಾಗಿರುತ್ತದೆ. ಗಾಳಿಯಲ್ಲೇ ಜೋಡಿಸಿದ ಮೆಶ್, ಅದರ ಡಬ್ಬಿಗಳ ನಡುವೆ ಸಿಗ್ನಲ್ ಚೆನ್ನಾಗಿದ್ದರೆ ಮಾತ್ರ ಚೆನ್ನಾಗಿರುತ್ತದೆ. ನಿಮ್ಮದು ಮೂರು ರೂಮಿನ ಮನೆ, ರೂಟರ್ ಮಧ್ಯಕ್ಕೆ ಬಂದು, ರಿಪೀಟರ್‌ಗೆ ಕೇಬಲ್ ಬಂದರೆ ಮೆಶ್ ಅಗತ್ಯವೇ ಬರಲಿಕ್ಕಿಲ್ಲ.

ಕೇಬಲ್ ಅಂದಾಗ ಇನ್ನೊಂದು ಮಾತು. ಕದಲದೆ ಕೂತಿರುವ ಯಾವ ಯಂತ್ರವೂ ವೈಫೈನಲ್ಲಿ ಇರಬೇಕಾಗಿಲ್ಲ. ಟಿವಿ, ಗೇಮ್ ಕನ್ಸೋಲ್, ಮೇಜಿನ ಮೇಲಿನ ಕಂಪ್ಯೂಟರ್, ಇವಕ್ಕೆ ತಂತಿ ಹಾಕಿಬಿಡಿ. ಗೇಮ್ ಆಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ರೂಟರ್‌ವರೆಗಿನ ಪಿಂಗ್ ಒಂದು ಮಿಲಿಸೆಕೆಂಡ್‌ಗಿಂತ ಕೆಳಗೆ ಬಂದು ಕೂರುತ್ತದೆ, ಆಡುವವರು ಗಾಳಿಯ ಸಾಲಿನಿಂದಲೇ ಹೊರಗೆ ಬಂದರಲ್ಲ, ಉಳಿದವರಿಗೂ ಜಾಗ ಸಿಗುತ್ತದೆ.

ಕೊನೆಗೆ ಹೊಸಿಲಿನ ಸಾಲು. ಗಾಳಿ ಸರಿಹೋದ ಮೇಲೂ ರಾತ್ರಿ ಕಾಲ್ ಒಡೆಯುತ್ತಿದ್ದರೆ ಇದೇ ಕಾರಣ. ಎಲ್ಲರೂ ಡೌನ್‌ಲೋಡ್ ಬಗ್ಗೆ ಜಗಳ ಆಡುತ್ತಾರೆ, ಅಪ್‌ಲೋಡ್ ಯಾರಿಗೂ ನೆನಪಿಗೆ ಬರುವುದಿಲ್ಲ. ನಾನೂ ಮೊದಲು ನಾಲ್ಕು ಜನರ ಜೊತೆ ಮನೆ ಹಂಚಿಕೊಂಡಿದ್ದೆ. ದಿನಾ ರಾತ್ರಿ ಹತ್ತರ ಸುಮಾರಿಗೆ ನೆಟ್ ಸತ್ತುಹೋಗುತ್ತಿತ್ತು. ಎರಡು ವಾರ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದ್ದೇ ಬಂತು. ಕೊನೆಗೆ ರೂಟರ್ ಪೇಜ್ ತೆರೆದು ಯಾವ ಯಂತ್ರ ಎಷ್ಟು ಕಳಿಸುತ್ತಿದೆ ಅಂತ ನೋಡಿದರೆ, ನಿದ್ದೆ ಮಾಡುತ್ತಿದ್ದ ಗೆಳೆಯನ ಫೋನ್ ಚಾರ್ಜ್‌ಗೆ ಹಾಕಿದ ತಕ್ಷಣ ಆ ದಿನದ ಫೋಟೊ, ವಿಡಿಯೊ ಎಲ್ಲ ಬ್ಯಾಕಪ್‌ಗೆ ಕಳಿಸುತ್ತಿತ್ತು. ಅವನಿಗೆ ಅದು ಗೊತ್ತೂ ಇರಲಿಲ್ಲ. ಎರಡು ವಾರ ಅವನ ಜೊತೆ ಮುಖ ಕೊಟ್ಟು ಮಾತಾಡದೆ ಇದ್ದದ್ದು ನೆನೆದರೆ ಈಗಲೂ ಬೇಜಾರಾಗುತ್ತದೆ.

ಲೆಕ್ಕ ನೋಡಿ. 4 ಜಿಬಿ ವಿಡಿಯೊ ಅಂದರೆ 32,000 ಮೆಗಾಬಿಟ್ (ಒಂದು ಬೈಟ್‌ಗೆ ಎಂಟು ಬಿಟ್). ನಿಮ್ಮ ಅಪ್‌ಲೋಡ್ 20 ಎಂಬಿಪಿಎಸ್ ಆದರೆ ಅದು ಹೋಗಲು 1600 ಸೆಕೆಂಡ್, ಹತ್ತಿರ ಹತ್ತಿರ 27 ನಿಮಿಷ. ಅಷ್ಟೂ ಹೊತ್ತು ಅದು ಲೈನು ತುಂಬಿಸಿ ಇಟ್ಟಿರುತ್ತದೆ. ರೂಟರ್ ಬರುವುದನ್ನೆಲ್ಲ ಬೀಳಲು ಬಿಡದೆ ತನ್ನ ಬಫರ್‌ನಲ್ಲಿ (ಡೇಟಾ ಕಾಯುವ ಜಾಗ) ಕೂಡಿಹಾಕಿಕೊಳ್ಳುತ್ತದೆ. ಅಲ್ಲಿ ಬರೀ 1 ಎಂಬಿ ಸಾಲು ನಿಂತರೂ ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು. ನಿಮ್ಮ ಕಾಲ್‌ನ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಆ ಸಾಲಿನ ಹಿಂದೆ ನಿಲ್ಲುತ್ತವೆ. ಮಾತಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ದಾಟಿದರೇ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ನಿಲ್ಲಿಸುವುದು ಶುರುವಾಗುತ್ತದೆ, ಇಲ್ಲಿ 400. ವಿಡಿಯೊ ಕಾಲ್‌ಗೆ ಬೇಕಾದ್ದು ಮೂರ್ನಾಲ್ಕು ಎಂಬಿಪಿಎಸ್ ಮಾತ್ರ, ಆದರೆ ಅದು ಹೊತ್ತಿಗೆ ಸರಿಯಾಗಿ ಬೇಕು. ಡೌನ್‌ಲೋಡ್ ಕೂಡ ನಿಧಾನವಾಗುತ್ತದೆ, ‘ಬಂತು, ಮುಂದಿನದು ಕಳಿಸು’ ಅನ್ನುವ ಉತ್ತರಗಳೂ ಅದೇ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತವೆ.

ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಜಿಮ್ ಗೆಟಿಸ್ ಅನ್ನುವ ಎಂಜಿನಿಯರ್ 2010ರಲ್ಲಿ ತಮ್ಮ ಮನೆಯ ಲೈನಿನಲ್ಲೇ ಇದರ ಜಾಡು ಹಿಡಿದು ಈ ಹೆಸರು ಕೊಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ‘ಕೋಡೆಲ್’ ಅನ್ನುವ ಪರಿಹಾರ ಪ್ರಕಟಿಸಿದರು. ಅದು ಸಾಲು ಎಷ್ಟು ಉದ್ದ ಇದೆ ಅಂತ ನೋಡುವುದಿಲ್ಲ, ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಅಂತ ನೋಡುತ್ತದೆ. ನಿಮ್ಮ ರೂಟರ್‌ನಲ್ಲಿ ಹೀಗೆ ಸಾಲು ಸಂಭಾಳಿಸುವ ಎಸ್‌ಕ್ಯೂಎಂ ಅಥವಾ ಸ್ಮಾರ್ಟ್ ಕ್ಯೂ ಅನ್ನುವ ಆಯ್ಕೆ ಇದೆಯಾ ಹುಡುಕಿ. ಇದ್ದರೆ ಆನ್ ಮಾಡಿ, ಕೇಬಲ್‌ನಲ್ಲಿ ಅಳೆದ ವೇಗದ ನೂರಕ್ಕೆ 85ರಿಂದ 90ರಷ್ಟನ್ನು ಅಪ್‌ಲೋಡ್‌ಗೂ ಡೌನ್‌ಲೋಡ್‌ಗೂ ಮಿತಿಯಾಗಿ ಹಾಕಿ. ಯಾಕೆ ಕಡಿಮೆ ಅಂದರೆ, ಸಾಲು ಆಚೆಯ ಡಬ್ಬಿಯಲ್ಲಿ ಬೆಳೆಯಬಾರದು, ನಿಮ್ಮ ರೂಟರ್‌ನಲ್ಲೇ ನಿಲ್ಲಬೇಕು, ಆಗಲೇ ಅದನ್ನು ಇದು ಸಂಭಾಳಿಸಲು ಸಾಧ್ಯ. ನೂರಕ್ಕೆ ಹತ್ತು ಹದಿನೈದು ಬಿಟ್ಟುಕೊಟ್ಟು ಇಡೀ ಮನೆಗೆ ನೆಮ್ಮದಿ ಪಡೆಯುವುದು ಒಳ್ಳೆಯ ವ್ಯಾಪಾರ ಅಂತ ನಾನಂತೂ ನಂಬುತ್ತೇನೆ. ಮತ್ತೆ ಆ ಎರಡು ಪಿಂಗ್ ಕಿಟಕಿ ತೆರೆಯಿರಿ, ಒಬ್ಬರಿಗೆ ದೊಡ್ಡ ಫೈಲ್ ಕಳಿಸಲು ಹೇಳಿ. ಮೊದಲು 400ಕ್ಕೆ ಹಾರುತ್ತಿದ್ದದ್ದು 30, 40ರಲ್ಲಿ ನಿಂತರೆ ಸರಿಹೋಯಿತು.

ಆ ಆಯ್ಕೆ ಇಲ್ಲದಿದ್ದರೆ ಮನೆಯವರೇ ಕೂತು ಮಾತಾಡಿಕೊಂಡರೂ ಅರ್ಧ ಕೆಲಸ ಆಗುತ್ತದೆ. ಫೋಟೊ ಬ್ಯಾಕಪ್, ಗೇಮ್ ಅಪ್‌ಡೇಟ್, ಕಂಪ್ಯೂಟರ್ ಅಪ್‌ಡೇಟ್ ಎಲ್ಲವನ್ನೂ ರಾತ್ರಿ ಎರಡರ ನಂತರಕ್ಕೆ ಹಾಕಿ. ವಿಂಡೋಸ್‌ನಲ್ಲಿ ಅಪ್‌ಡೇಟ್‌ಗೆ ಎಷ್ಟು ವೇಗ ಕೊಡಬೇಕು ಅಂತ ಮಿತಿ ಹಾಕಬಹುದು, ಹೆಚ್ಚಿನ ಬ್ಯಾಕಪ್ ಪ್ರೋಗ್ರಾಂಗಳಲ್ಲೂ ಬರುತ್ತದೆ. ಹೊರಗಿನ ಸರ್ವರ್‌ಗೆ ವಿಡಿಯೊ ಕಳಿಸುವ ಕ್ಯಾಮೆರಾ ಏನಾದರೂ ಇದ್ದರೆ ಅದನ್ನು ಮರೆಯಬೇಡಿ, ಅದು ಹಗಲೂ ರಾತ್ರಿ ಅಪ್‌ಲೋಡ್ ಮಾಡುತ್ತಲೇ ಇರಬಹುದು.

ಹೊಸ ರೂಟರ್ ಯಾವಾಗ? ಕೇಬಲ್ ಬದಲಿಸಿದ ಮೇಲೂ ರೂಟರ್ ಪೋರ್ಟಿನ ದೆಸೆಯಿಂದ 94ರಲ್ಲೇ ನಿಂತರೆ, ಅಥವಾ ಅದರಲ್ಲಿ 5 ಗಿಗಾಹರ್ಟ್ಸ್ ಇಲ್ಲದಿದ್ದರೆ, ಅಥವಾ ಸಾಲು ಸಂಭಾಳಿಸುವ ಆಯ್ಕೆ ಇಲ್ಲದಿದ್ದು ನಿಮ್ಮಲ್ಲಿ ಇಬ್ಬರು ಮೂವರು ಮನೆಯಿಂದಲೇ ಕೆಲಸ ಮಾಡುವವರಾಗಿದ್ದರೆ, ಆಗ ತೆಗೆದುಕೊಳ್ಳಿ. ಪೋರ್ಟ್‌ಗಳೆಲ್ಲ ಗಿಗಾಬಿಟ್, ವೈಫೈ 6, ಎಸ್‌ಕ್ಯೂಎಂ, ಈ ಮೂರು ಇದ್ದರೆ ಸಾಕು. ಡಬ್ಬಿಯ ಮೇಲೆ ಇರುವ ಸಾವಿರಗಟ್ಟಲೆ ಎಂಬಿಪಿಎಸ್ ಸಂಖ್ಯೆ ಎಲ್ಲ ಬ್ಯಾಂಡ್‌ಗಳನ್ನೂ ಕೂಡಿಸಿ ಬರೆದದ್ದು, ಯಾವ ಒಂದು ಫೋನಿಗೂ ಅಷ್ಟು ಸಿಗುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ಮೇಲೆ ಅಳೆಯಿರಿ, ಬರೆದಿಡಿ. ಇವತ್ತು ರೂಟರ್ ಜಾಗ, ನಾಳೆ ಚಾನೆಲ್, ನಾಡಿದ್ದು ರಿಪೀಟರ್‌ಗೆ ಕೇಬಲ್. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ಗೊತ್ತಾಗುವುದಿಲ್ಲ. ಅಷ್ಟು ಮಾಡಿಯೂ ಸರಿಹೋಗದಿದ್ದರೆ ನಾಲ್ಕು ಸಂಖ್ಯೆ ಬರೆದು ಕಳಿಸಿ: ಕೊನೆಯ ರೂಮಿನ ಡಿಬಿಎಂ, ರಾತ್ರಿ ಒಂಬತ್ತಕ್ಕೆ ರೂಟರ್ ಪಿಂಗ್ ಎಷ್ಟು, ಅದೇ ಹೊತ್ತಿಗೆ ಹೊರಗಿನ ಪಿಂಗ್ ಎಷ್ಟು, ಕೇಬಲ್ ಹಾಕಿದಾಗ ಅಪ್‌ಲೋಡ್ ವೇಗ ಎಷ್ಟು. ರೂಟರ್ ಮಾಡೆಲ್ ಹೆಸರೂ ಇರಲಿ.